ನೀರಲ್ಲಿ ನಿಂತ ಅಕ್ಕಿ

ಕಳೆದ ತಿಂಗಳು ಭಟ್ಕಳ ಬಂದರಿನಲ್ಲಿ ಊಟಕ್ಕೆ ಕೂತವನು ಮೊದಲ ತುತ್ತಿಗೇ ಎದ್ದುಬಿಟ್ಟೆ. ಕಚೇರಿ ಕೆಲಸಕ್ಕೆ, ಬೋಟುಗಳ ಕಾಗದಪತ್ರ ನೋಡಲು ಹೋಗಿದ್ದೆ. ಮಧ್ಯಾಹ್ನವಾಗಿತ್ತು. ಬೋಟು ನಡೆಸುವ ತಾಂಡೇಲ ಹಳೆಯ ಪರಿಚಯದವನು, ಉಂಡೇ ಹೋಗಬೇಕೆಂದು ಹಿಡಿದು ಕೂರಿಸಿದ. ಇಂಜಿನ್ ಕೋಣೆಯ ಬಾಗಿಲಲ್ಲೇ ಒಲೆ. ದಪ್ಪ ಕುಚ್ಚಲಕ್ಕಿ ಅನ್ನ, ಬಂಗಡೆ ಸಾರು. ಪಕ್ಕದಲ್ಲಿ ಡೀಸೆಲ್ ಕ್ಯಾನು. ಅದರ ಮುಚ್ಚಳ ಸಡಿಲವಿತ್ತೋ ಏನೋ, ತುತ್ತು ಬಾಯಿ ಹತ್ತಿರ ತಂದಾಗ ಅನ್ನದ ಹಬೆಯೊಳಗಿಂದಲೇ ಡೀಸೆಲ್ ಎದ್ದುಬಂದ ಹಾಗಾಯಿತು.

ಕೈ ಅಲ್ಲೇ ನಿಂತಿತು.

"ಎಂತ ಸರ್, ಬಂಗಡೆ ನಿನ್ನೇದು ಅಂದ್ಕಂಡ್ರ?" ಎಂದ ತಾಂಡೇಲ.

ಬಂಗಡೆಯಲ್ಲ, ಅನ್ನಕ್ಕೆ ಡೀಸೆಲ್ ವಾಸನೆ ಎಂದೆ. ಅಡುಗೆ ಮಾಡುವವನು ಹಲ್ಲು ಬಿಟ್ಟ. "ಅದಿಲ್ದಿದ್ರೆ ನಮ್ಗೆ ಇಳಿಯೂದೇ ಇಲ್ಲ ಸರ್. ಮನೀಗ್ ಹೋದ್ರೆ ಹೆಂಡ್ತಿ ಮಾಡದ ಅನ್ನ ಸಪ್ಪೆ ಕಾಣ್ತದೆ." ಎಲ್ಲರೂ ನಕ್ಕರು. ಹೊಟ್ಟೆ ಸರಿಯಿಲ್ಲ ಎಂದು ಸುಳ್ಳು ಹೇಳಿ ಕೈ ತೊಳೆದು, ಜೆಟ್ಟಿಯ ತುದಿಗೆ ಹೋಗಿ ನಿಂತೆ. ಹೊಟ್ಟೆ ಸರಿಯಾಗಿಯೇ ಇತ್ತು. ಅವರ ಅನ್ನದಲ್ಲೂ ತಪ್ಪಿರಲಿಲ್ಲ. ನನಗೆ ಹೇಸಿಗೆ ಬಂದದ್ದು ನನ್ನ ಕೈ ನೋಡಿ.

ನಾನು ಬಿ.ಎ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದೆ ಬರುವ ಕೆಡುಕಿಗೆ ಇದೂ ಒಂದು ಕಾರಣ. ನಮ್ಮ ಮನೆತನದಲ್ಲಿ ನನಗಿಂತ ಮೊದಲು ಯಾರೂ ಹೈಸ್ಕೂಲಿನ ಮೆಟ್ಟಿಲು ಹತ್ತಿರಲಿಲ್ಲ. ಅಪ್ಪ ಹೆಬ್ಬೆಟ್ಟು. ಕುಮಟೆಯಿಂದ ಬಾಡ ದಾಟಿ ಅಘನಾಶಿನಿ ಹೊಳೆಯ ಕಡೆ ಹೋದರೆ ನಮ್ಮ ಕೇರಿ. ನಮಗೆ ಭೂಮಿ ಎಂದರೆ ಗಜನಿ. ಸಮುದ್ರದ ಉಪ್ಪುನೀರು ಹೊಳೆಯೊಳಗೆ ಏರಿ ಬಂದು ಮುಳುಗಿಸುವ ತಗ್ಗು ಗದ್ದೆ ಅದು. ಮಣ್ಣಿನ ಕಟ್ಟೆ ಹಾಕಿ ನೀರನ್ನು ಆಚೆ ನಿಲ್ಲಿಸಿ, ಮಳೆಗಾಲದಲ್ಲಿ ಕಗ್ಗ ಎಂಬ ಭತ್ತ ಬೆಳೆಯುತ್ತೇವೆ. ಕಗ್ಗ ದಿನಗಟ್ಟಲೆ ಮುಳುಗಿ ನಿಂತರೂ ಕೊಳೆಯುವುದಿಲ್ಲ, ನೀರಿಳಿದ ಮೇಲೆ ತಲೆ ಎತ್ತುತ್ತದೆ. ಹಾಗಾಗಿ ನಮ್ಮ ಕೇರಿಯಲ್ಲಿ "ನೀರಲ್ಲಿ ನಿಂತದ್ದು" ಎಂದರೆ ಹೊಗಳಿಕೆ. ಗಂಡು ನೋಡಲು ಹೋದವರು ಹುಡುಗ ನೀರಲ್ಲಿ ನಿಂತವನೋ ಎಂದು ಕೇಳುವುದುಂಟು.

ಇನ್ನೊಂದು ರೂಢಿಯೂ ಇದೆ. ಕಟ್ಟೆ ಒಡೆದು ಮನೆಗೇ ನೀರು ನುಗ್ಗಿ ಯಾರದಾದರೂ ಅಕ್ಕಿ ನೆನೆದರೆ, ಆ ಮನೆಯವರು ಅದನ್ನು ಮುಚ್ಚಿಡುವುದಿಲ್ಲ. ಅದೇ ದಿನ ಕೇರಿಯವರನ್ನೆಲ್ಲ ಕೂಗಿ ಕರೆದು ಹಂಚಿಬಿಡುತ್ತಾರೆ. ಕೊಂಡುಹೋದವರು ತೊಳೆದು ಬೇಯಿಸುತ್ತಾರೆ, ಉಳಿದದ್ದನ್ನು ಹಿಟ್ಟು ಮಾಡಿ ರೊಟ್ಟಿ ತಟ್ಟುತ್ತಾರೆ. ಒದ್ದೆ ಅಕ್ಕಿಗೆ ಯಜಮಾನ ಇಲ್ಲ ಎಂದು ಅಪ್ಪ ಹೇಳುವುದು. ಮುಂದಿನ ಸಲ ನಮ್ಮದನ್ನು ಕೊಂಡುಹೋದವರ ಮನೆಗೆ ನೀರು ನುಗ್ಗಿದಾಗ ನಾವು ಪಾತ್ರೆ ಹಿಡಿದು ಹೋಗುತ್ತೇವೆ. ಅಷ್ಟೇ ಲೆಕ್ಕ.

ಕಾಲೇಜಿಗೆ ನಾನು ಚಪ್ಪಲಿ ಕೈಯಲ್ಲಿ ಹಿಡಿದು ಕಟ್ಟೆಯ ಮೇಲೆ ನಡೆದು ಹೋಗುತ್ತಿದ್ದೆ. ರಸ್ತೆ ಸಿಕ್ಕಲ್ಲಿ ಬೋರ್‌ವೆಲ್ಲಿನಲ್ಲಿ ಕಾಲು ತೊಳೆಯುತ್ತಿದ್ದೆ. ಎಷ್ಟು ತೊಳೆದರೂ ಗಜನಿ ಕೆಸರಿನ ವಾಸನೆ ಹೋಗದು. ಕೊಳೆತ ಎಲೆ, ಉಪ್ಪು, ಸತ್ತ ಸಿಗಡಿ ಎಲ್ಲ ಸೇರಿದ ವಾಸನೆ. ನನ್ನ ಬೆಂಚಿನ ಹುಡುಗ ತೋಟದ ಮನೆಯವನು. ಮೂಗು ಹಿಡಿದು "ಗಜನಿ ಬಂತು" ಎನ್ನುತ್ತಿದ್ದ. ಆ ಮೂಗು ನೋಡಿಕೊಂಡೇ ಓದಿದೆ. ಇಂಗ್ಲಿಷಿನಲ್ಲಿ ಎರಡು ಸಲ ಫೇಲಾದೆ. ಮೂರನೆಯ ಸಲ ಪಾಸಾದಾಗ ಅಪ್ಪ ಅಂಕಪಟ್ಟಿಯನ್ನು ತಲೆಕೆಳಗಾಗಿ ಹಿಡಿದು ಇಡೀ ಕೇರಿಗೆ ತೋರಿಸಿ ಬಂದರು. ನನಗೆ ಅದರ ಹೆಮ್ಮೆ ಇತ್ತು, ಈಗಲೂ ಇದೆ. ಯಾರೂ ಕೊಟ್ಟದ್ದಲ್ಲ.

ಆ ಇಂಗ್ಲಿಷಿನಿಂದಲೇ ಸೈನ್ಯದಲ್ಲಿ ಕ್ಲರ್ಕ್ ಆದೆ. ಹವಾಲ್ದಾರನಾದ ಮೇಲೆ, ಆರು ವರ್ಷದ ಹಿಂದೆ, ನಮ್ಮ ಬೆಟಾಲಿಯನ್ನನ್ನು ಶಾಂತಿ ಕಾಯಲು ಆಫ್ರಿಕಾದ ಒಂದು ದೇಶಕ್ಕೆ ಕಳಿಸಿದರು. ದೇಶದ ಹೆಸರು ಬರೆಯುವುದಿಲ್ಲ. ಹೆಸರು ಹೇಳಿದರೆ ಓದುವವರಿಗೆ ಅಯ್ಯೋ ಪಾಪ ಎಂದು ಮುಗಿಸಿಬಿಡಲು ಸುಲಭವಾಗುತ್ತದೆ. ಅಲ್ಲಿ ಸರ್ಕಾರದ ಪಡೆಗೂ ಬಂಡುಕೋರರಿಗೂ ಕಾದಾಟ. ಊರು ಸುಟ್ಟುಕೊಂಡ ಸಾವಿರಾರು ಜನ ನಮ್ಮ ಶಿಬಿರದ ಮಗ್ಗುಲಲ್ಲಿ ತಂತಿಬೇಲಿಯೊಳಗೆ ಟಾರ್ಪಾಲು ಕಟ್ಟಿಕೊಂಡು ಇದ್ದರು. ಅವರನ್ನು ಕಾಯುವುದು ನಮ್ಮ ಕೆಲಸ. ನನ್ನ ಕೆಲಸ ರೇಷನ್ ಉಗ್ರಾಣದ ಕಾಗದ.

ವರ್ಷವಿಡೀ ಇದ್ದೆ. ನೆನಪಿರುವುದು ಮಾತ್ರ ಒಂದು ಮಳೆಗಾಲ.

ಅಲ್ಲಿಯ ಮಳೆ ನಮ್ಮದರ ಹಾಗೆ ಹೊಡೆದು ಬರುವುದಿಲ್ಲ. ಬೆಟ್ಟವಿಲ್ಲ, ಇಳಿಜಾರಿಲ್ಲ. ಕಣ್ಣು ಹೋದಷ್ಟು ದೂರ ತಟ್ಟೆಯಂಥ ನೆಲ. ನೀರು ಸದ್ದಿಲ್ಲದೆ ಹುಲ್ಲಿನ ಬುಡದಲ್ಲಿ ಏರುತ್ತಾ ಬರುತ್ತದೆ, ಬೆಳಿಗ್ಗೆ ಎದ್ದರೆ ನಿನ್ನೆಯ ರಸ್ತೆ ಇರುವುದಿಲ್ಲ. ಆ ನೀರಿನ ಮೇಲೆ ಮೊದಲು ದನಗಳ ಹೆಣ ತೇಲಿ ಬಂದವು. ಆಮೇಲೆ ಮನುಷ್ಯರದು. ಹೊಳೆಯಾಚೆ ಹಗಲೆಲ್ಲ ಗುಂಡಿನ ಸದ್ದು, ಒಣಬಿದಿರು ಸೀಳಿದ ಹಾಗೆ. ಮರುದಿನ ನೀರು ಲೆಕ್ಕ ಒಪ್ಪಿಸುತ್ತಿತ್ತು. ಒಂದು ಹೆಣ ನಮ್ಮ ಬೇಲಿಗೆ ಬಂದು ಸಿಕ್ಕಿಕೊಂಡಿತು. ಬೇಲಿಯ ಕಂಬದಿಂದ ಆಚೆಗಿನದು ನಮ್ಮ ಹೊಣೆಯಲ್ಲ ಎಂದು ನಿಯಮ. ಹೆಣದ ತಲೆ ಈಚೆಗಿತ್ತು, ಕಾಲು ಆಚೆಗೆ. ಯಾರ ಹೊಣೆ ಎಂದು ರೇಡಿಯೊದಲ್ಲಿ ಅರ್ಧ ದಿನ ಮಾತಾಡಿದರು. ಕೊನೆಗೆ ನಮ್ಮ ಸುಬೇದಾರರು, ಹರಿಯಾಣದ ಹಳಬರು, ಉದ್ದ ಕೋಲು ತರಿಸಿ ಅದನ್ನು ಪೂರ್ತಿ ಆಚೆ ನೂಕಿಸಿದರು. ಕೋಲಿನ ಒಂದು ತುದಿ ಹಿಡಿದವನು ನಾನು. ಬಳಿಕ ಚಹಾ ಬಂತು. ಕುಡಿದೆವು.

ಸೆಪ್ಟೆಂಬರಿನಲ್ಲಿ ನೀರು ಜನರ ಟಾರ್ಪಾಲಿನವರೆಗೆ ಬಂತು. ಮಣ್ಣು ಸರಿಸುವ ಯಂತ್ರಗಳು ಕೆಸರಲ್ಲಿ ಹೂತು ಕೂತವು. ಮರಳಿನ ಚೀಲ ಪೇರಿಸಿದರು, ಬುಡದಲ್ಲಿ ಕರಗಿಹೋಯಿತು. ನಾನು ನೋಡಿ ನೋಡಿ ತಡೆಯಲಾರದೆ ಸುಬೇದಾರರಿಗೆ ಹೇಳಿದೆ: ಇದು ಮರಳಿನ ಕೆಲಸ ಅಲ್ಲ ಸಾಬ್, ನನಗೆ ಸಲಿಕೆ ಮತ್ತು ಜನ ಕೊಡಿ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, ಗ್ರಾಜುಯೇಟ್ ಈಗ ಕೆಸರಿಗೆ ಇಳಿಯುತ್ತಾನಂತೆ ಎಂದು ಉಳಿದವರಿಗೆ ಹೇಳಿ ನಕ್ಕರು. ಆದರೆ ಜನ ಕೊಟ್ಟರು.

ಬಂದವರು ಹೆಂಗಸರು. ಗಂಡಸರು ಸತ್ತಿದ್ದರು, ಇಲ್ಲವೇ ಕಾದಾಡುತ್ತಿದ್ದರು. ನಮ್ಮ ಮಾತು ಅವರಿಗೆ ದಾಟಿಸಲು ಗಟ್ಲುವಾಕ್ ಎಂಬ ದುಭಾಷಿ ಇದ್ದ. ಎತ್ತರದ ಮೌನಿ, ಮಾಸ್ತರಿಕೆ ಮಾಡುತ್ತಿದ್ದವನು, ತನ್ನ ಊರಿಗೆ ಮೊದಲ ಪದವೀಧರ. ಆ ಒಂದು ವಿಷಯಕ್ಕೆ ನಾವಿಬ್ಬರೂ ಹತ್ತಿರವಾಗಿದ್ದೆವು. ಬಂದ ಹೆಂಗಸರಲ್ಲಿ ಅವನ ತಾಯಿಯೂ ಇದ್ದಳು, ಹೆಸರು ನ್ಯಾಬೋಲ್. ಅರವತ್ತು ದಾಟಿರಬೇಕು. ಮುಂದಿನ ಎರಡು ಹಲ್ಲಿಲ್ಲ, ತೋಳು ಮಾತ್ರ ಕಬ್ಬಿಣ. ನಾನು ನಮ್ಮ ಗಜನಿಯಲ್ಲಿ ಮಾಡುವ ಹಾಗೆ ಜೇಡಿಯನ್ನು ಇಟ್ಟಿಗೆಯಂತೆ ಹೆಂಟೆ ಹೆಂಟೆಯಾಗಿ ಕಡಿದು, ಹುಲ್ಲಿನ ಬೇರು ಸಮೇತ ಎತ್ತಿ, ಸಾಲಲ್ಲಿ ಕೈಯಿಂದ ಕೈಗೆ ದಾಟಿಸಿ, ಒಂದರ ಮೇಲೊಂದು ಹೊಂದಿಸಿ ತುಳಿಯುವುದನ್ನು ತೋರಿಸಿದೆ. ನ್ಯಾಬೋಲ್ ನಾನು ತುಳಿದ ಹೆಂಟೆಯನ್ನು ಬೆರಳಲ್ಲಿ ಒತ್ತಿ ನೋಡಿ ಏನೋ ಅಂದಳು. ಹೆಂಗಸರೆಲ್ಲ ಬಿದ್ದು ಬಿದ್ದು ನಕ್ಕರು. ಗಟ್ಲುವಾಕ್ ಮುಜುಗರಪಟ್ಟು ಹೇಳಿದ: "ಬೂಟಿನ ಒಳಗೂ ಕಾಲಿದೆಯೇ ಅಂತ ಕೇಳ್ತಿದ್ದಾಳೆ."

ಬೂಟು ಬಿಚ್ಚಿದೆ. ಹದಿನೈದು ವರ್ಷದ ಮೇಲೆ ನನ್ನ ಅಂಗಾಲು ಕೆಸರು ಕಂಡಿತು.

ಹನ್ನೆರಡು ದಿನ ಕಟ್ಟಿದೆವು. ಅವರು ಹಾಡುತ್ತ ಹೆಂಟೆ ದಾಟಿಸುತ್ತಿದ್ದರು. ನಮ್ಮ ಅವ್ವಿ ಸಸಿ ನೆಡುವಾಗ ಹೇಳುವ ಹಾಡೊಂದನ್ನು ನಾನೂ ಹೇಳಿದೆ, ಸ್ವರ ತಪ್ಪಿಸಿ. ಕಟ್ಟೆ ಒಡೆಯುವುದು ತೆರೆಯಿಂದಲ್ಲ, ಏಡಿ ಕೊರೆದ ಬಿಲದಿಂದ ಎಂದು ಅಪ್ಪ ಹೇಳುತ್ತಿದ್ದುದನ್ನು ಗಟ್ಲುವಾಕ್ ದಾಟಿಸಿದ. ಅಲ್ಲಿ ಏಡಿಯಿಲ್ಲ, ಇಲಿ. ದಿನಾ ಬೆಳಿಗ್ಗೆ ನ್ಯಾಬೋಲ್ ಕಟ್ಟೆಯುದ್ದಕ್ಕೂ ಬಗ್ಗಿ ನಡೆದು ಬಿಲ ಹುಡುಕಿ ಹಿಮ್ಮಡಿಯಲ್ಲಿ ಮುಚ್ಚುತ್ತಿದ್ದಳು. ಕಟ್ಟೆ ನಿಂತಿತು. ಅದೊಂದು ಮಾತ್ರ ಆ ವರ್ಷ ನನ್ನ ಕೈಯಿಂದ ಸರಿಯಾಗಿ ಆದದ್ದು.

ಕಟ್ಟೆ ನಿಂತರೂ ಹೊಟ್ಟೆಗೆ ಇರಲಿಲ್ಲ. ಜನರಿಗೆ ಹಂಚುವ ಜೋಳದ ಲಾರಿಗಳು ನೀರಿನಾಚೆ ಸಿಕ್ಕಿಬಿದ್ದು ಮೂರು ವಾರವಾಗಿತ್ತು. ಹೆಂಗಸರು ಎದೆಮಟ್ಟ ನೀರಿಗಿಳಿದು ತಾವರೆ ಗೆಡ್ಡೆ ಕಿತ್ತು ಬೇಯಿಸಿ ಮಕ್ಕಳಿಗೆ ಕೊಡುತ್ತಿದ್ದರು. ಬೇಲಿಯ ಈಚೆ ನಮಗೆ ಮೂರು ಹೊತ್ತು ಊಟ, ಭಾನುವಾರ ಖೀರು. ನಮ್ಮ ಪಾಲಿನಿಂದ ಹೊರಗೆ ಕೊಡುವ ಹಾಗಿಲ್ಲ ಎಂದು ಆದೇಶ. ಕೊಟ್ಟರೆ ನೂಕುನುಗ್ಗಲಾಗುತ್ತದೆ, ಒಂದು ಕಡೆಯವರ ಪರ ಎನಿಸಿಕೊಳ್ಳುತ್ತೇವೆ ಎಂದು ಕಾರಣ. ಕಾಗದದಲ್ಲಿ ಓದಲು ಎಲ್ಲ ಕಾರಣವೂ ಚೆನ್ನಾಗಿಯೇ ಇರುತ್ತದೆ.

ಆಗ ನಮ್ಮ ಉಗ್ರಾಣಕ್ಕೇ ನೀರು ಬಂತು. ನಾನು ಜನರ ಕಡೆಗೆ ಕಟ್ಟೆ ಕಟ್ಟಿಸಿದ್ದೆ, ನಮ್ಮ ಕಡೆ ಎತ್ತರವೆಂದು ಬಿಟ್ಟಿದ್ದೆ. ಚರಂಡಿಯ ದಾರಿಯಿಂದ ನೀರು ಹಿಂದಕ್ಕೆ ಏರಿ ಅಕ್ಕಿ ಇಟ್ಟ ಕಂಟೇನರಿಗೆ ನುಗ್ಗಿತು. ಎರಡು ದಿನ ನಿಂತು ಇಳಿಯಿತು. ಬಾಗಿಲು ತೆಗೆದು ನೋಡಿದರೆ ಕೆಳಗಿನ ಎರಡು ಸಾಲು ಚೀಲ ಒದ್ದೆ, ಅವುಗಳ ಮೇಲೆ ಏಳು ಸಾಲು ಒಣ. ನನಗೆ ಬೇಸರವಾಗಲಿಲ್ಲ, ನಾಚಿಕೆ ಬಿಟ್ಟು ಹೇಳುತ್ತೇನೆ, ಖುಷಿಯಾಯಿತು. ನಮ್ಮ ಕೇರಿಯ ಬುದ್ಧಿ. ಒದ್ದೆ ಅಕ್ಕಿಗೆ ಯಜಮಾನ ಇಲ್ಲ. ಇನ್ನು ಇದನ್ನು ಹಂಚದೆ ಯಾರಿಗೂ ಬೇರೆ ದಾರಿಯಿಲ್ಲ ಎಂದುಕೊಂಡೆ.

ನೇರ ಕಟ್ಟೆಗೆ ಹೋದೆ. ನ್ಯಾಬೋಲ್ ಅಲ್ಲಿದ್ದಳು. ಅಕ್ಕಿ ನೆನೆದಿದೆ, ನೀರಿನಿಂದ ಅಕ್ಕಿ ಕೆಡುವುದಿಲ್ಲ, ತೊಳೆದು ಬೇಯಿಸಿದರೆ ಆಯಿತು, ಸೋಮವಾರ ಬೆಳಿಗ್ಗೆ ಪಾತ್ರೆ ಹಿಡಿದು ಬೇಲಿಯ ಹತ್ತಿರ ಬನ್ನಿ ಎಂದೆ. ಗಟ್ಲುವಾಕ್ ತಕ್ಷಣ ದಾಟಿಸಲಿಲ್ಲ. "ನಿನ್ನ ಮೇಲಿನವರು ಒಪ್ಪಿದ್ದಾರೆಯೇ?" ಎಂದು ಇಂಗ್ಲಿಷಿನಲ್ಲಿ ನನ್ನನ್ನೇ ಕೇಳಿದ.

"ಒಪ್ಪುತ್ತಾರೆ. ನಾನು ಬರೆಯುತ್ತೇನೆ" ಎಂದೆ.

ಎಂಥ ಸೊಕ್ಕು. ನಾನು ಬರೆಯುತ್ತೇನೆ. ಎರಡು ಸಲ ಫೇಲಾದ ಇಂಗ್ಲಿಷಿನಲ್ಲಿ ಅವತ್ತು ಎರಡು ಪುಟ ಬರೆದೆ. ನನ್ನ ಜೀವನದಲ್ಲಿ ಅಷ್ಟು ಚೆಂದದ ಇಂಗ್ಲಿಷ್ ಅದಕ್ಕೆ ಮೊದಲೂ ಬರೆದಿಲ್ಲ, ಆಮೇಲೂ ಇಲ್ಲ. ಜೋಳದ ಲಾರಿ ನಿಂತದ್ದು, ಮಕ್ಕಳು ಗೆಡ್ಡೆ ತಿನ್ನುವುದು ಎಲ್ಲ ಬಂದಿತ್ತು. ನಟ್ಟನಡುವೆ ಒಂದು ವಾಕ್ಯ. ಅದನ್ನು ಮೂರು ಸಲ ತಿದ್ದಿ ಬರೆದಿದ್ದೆ: "ಈ ದಾಸ್ತಾನು ಎರಡು ದಿನ ನೀರಿನಲ್ಲಿ ನಿಂತಿದೆ, ಆದರೂ ಗಟ್ಟಿಯಾಗಿದೆ." ಅಕ್ಕಿಯ ಪರವಾಗಿ ಹೇಳಬಹುದಾದ ಅತಿ ದೊಡ್ಡ ಮಾತು ಅದೇ ಎಂದು ನನ್ನ ಲೆಕ್ಕ. ಕೆಳಗಿನ ಎರಡು ಸಾಲು ಮಾತ್ರ ಒದ್ದೆ, ಮೇಲಿನದು ಒಣ ಎಂದು ಬೇರೆ ಬೇರೆ ಮಾಡಿ ಬರೆಯುವುದು ಹೊಳೆಯಲೇ ಇಲ್ಲ. ಗಜನಿಯಲ್ಲಿ ಗದ್ದೆ ಎಂದರೆ ಇಡೀ ಗದ್ದೆ, ನೀರು ಬಂದರೆ ಎಲ್ಲಕ್ಕೂ ಬಂತು, ಇಳಿದರೆ ಎಲ್ಲದರಿಂದ ಇಳಿಯಿತು. ಒಣ ಉಳಿದದ್ದನ್ನು ಹೇಳಿಕೊಳ್ಳುವ ಅಭ್ಯಾಸ ನಮಗಿಲ್ಲ.

ಸುಬೇದಾರರು ಓದಿ, ವಾಹ್ ಗ್ರಾಜುಯೇಟ್ ಎಂದು ಬೆನ್ನು ತಟ್ಟಿ ಮೇಲಕ್ಕೆ ಕಳಿಸಿದರು. ಭಾನುವಾರ ಉತ್ತರ ಬಂತು. ಒಂದೇ ಪುಟ. ನನ್ನ ವಾಕ್ಯವನ್ನೇ ಎತ್ತಿ ಬರೆದಿದ್ದರು, ಮೊದಲಿನ ಅರ್ಧ ಮಾತ್ರ. ಉಗ್ರಾಣದವನ ಸ್ವಂತ ಹೇಳಿಕೆಯ ಪ್ರಕಾರ ಇಡೀ ದಾಸ್ತಾನು ಎರಡು ದಿನ ಪ್ರವಾಹದ ನೀರಿನಲ್ಲಿ ನಿಂತಿದೆ, ಮನುಷ್ಯರ ಬಳಕೆಗೆ ಅಯೋಗ್ಯ, ನಾಶ ಮಾಡುವುದು. ಹೇಗೆಂದೂ ಬರೆದಿತ್ತು. ಹೊಂಡ ತೋಡಿ, ಚೀಲ ಸೀಳಿ ಸುರಿದು, ಮೇಲೆ ಡೀಸೆಲ್ ಹೊಯ್ದು ಮಣ್ಣು ಮುಚ್ಚುವುದು. ಡೀಸೆಲ್ ಯಾಕೆಂದರೆ, ಯಾರೂ ಅಗೆದು ತಿನ್ನಬಾರದು.

ಕಾಗದ ಹಿಡಿದು ಮೇಜರ್ ಸಾಹೇಬರ ಹತ್ತಿರ ಓಡಿದೆ. ಮೇಲಿನ ಏಳು ಸಾಲು ಒಣವೇ ಇದೆ ಸರ್, ಬಂದು ಕೈ ಹಾಕಿ ನೋಡಿ ಎಂದೆ. ಅವರು ಕೆಟ್ಟವರಲ್ಲ. ಕೂರಿಸಿ ನೀರು ಕೊಟ್ಟರು. ಹಾಗಾದರೆ ಹಾಗೆಯೇ ಯಾಕೆ ಬರೆಯಲಿಲ್ಲ ಎಂದು ಕೇಳಿದರು. ಈಗ ಒಣ ಇದೆ ಎಂದರೆ ಎರಡರಲ್ಲಿ ಯಾವುದು ಸುಳ್ಳು ಎಂದು ಮೇಲಿನವರು ತಮ್ಮನ್ನು ಕೇಳುತ್ತಾರೆ ಎಂದರು. ಶಿಬಿರದಲ್ಲಿ ಕಾಲರಾ ಶುರುವಾಗಿದೆ, ಈ ಅಕ್ಕಿ ತಿಂದು ಒಂದು ಮಗು ಸತ್ತರೆ ಯಾರು ಜವಾಬು ಎಂದರು. ಕಡೆಗೆ ಒಂದು ಮಾತು, ಮೆತ್ತಗೆ: "ನೀನು ಓದಿದವನು. ನಿನಗೆ ಕಾಗದದ ಬೆಲೆ ಗೊತ್ತಿರಬೇಕಿತ್ತು."

ಕಾಲರಾ ಇದ್ದದ್ದು ನಿಜವೇ. ಆದರೆ ಒಣ ಚೀಲಕ್ಕೆ ಯಾವ ಕಾಲರಾ?

ಸೋಮವಾರ ಬೆಳಿಗ್ಗೆ ಹೆಂಗಸರು ಬಂದರು. ಬೇಲಿಯುದ್ದಕ್ಕೂ ಸಾಲು. ಅಲ್ಯೂಮಿನಿಯಂ ಪಾತ್ರೆ, ಎಣ್ಣೆಯ ಡಬ್ಬಿ, ಒಬ್ಬಳ ಕೈಯಲ್ಲಿ ಸತ್ತ ಸೈನಿಕನ ಹೆಲ್ಮೆಟ್ಟು. ಎಲ್ಲವೂ ತೊಳೆದದ್ದು, ಬಿಸಿಲಿಗೆ ಹೊಳೆಯುತ್ತಿತ್ತು. ನ್ಯಾಬೋಲ್ ಮೊದಲಿಗಳು. ನನ್ನನ್ನು ಕಂಡು ಹಲ್ಲಿಲ್ಲದ ಬಾಯಲ್ಲಿ ನಕ್ಕಳು.

ಹೊಂಡ ಬೇಲಿಯಿಂದ ಐವತ್ತು ಹೆಜ್ಜೆ. ಮೊದಲ ಚೀಲವನ್ನು ಸೀಳಿದ್ದು ನಾನೇ. ಯಾಕೆಂದರೆ ಉಗ್ರಾಣ ನನ್ನದು, ಹಾಜರಿರಬೇಕಾದವನು ನಾನು. ಮೇಲಿನ ಸಾಲಿನ ಚೀಲ. ಒಣ ಅಕ್ಕಿ ಸುರಿಯುವ ಸದ್ದು ಬೇರೆ, ಒದ್ದೆಯದು ಬೇರೆ. ಗೊತ್ತಿದ್ದವರಿಗೆ ಕಣ್ಣು ಮುಚ್ಚಿದರೂ ಗೊತ್ತಾಗುತ್ತದೆ. ಸರಸರನೆ ಇಳಿಯಿತು, ಸಣ್ಣ ಮಳೆಯ ಹಾಗೆ. ಬೇಲಿಯ ಬಳಿಯೂ ಕೇಳಿಸಿರಬೇಕು. ಒಂದರ ಹಿಂದೊಂದು ಚೀಲ ಹೋದವು. ಹೊಂಡ ಬೆಳ್ಳಗೆ ತುಂಬಿತು. ಸುಬೇದಾರರು ಕ್ಯಾನು ತಂದು ನನ್ನ ಕೈಗಿಟ್ಟು ಬೇರೆ ಕಡೆ ನೋಡಿದರು. ಅವರೂ ಹೊಲದವರ ಮನೆಯವರು. ತಮ್ಮ ಕೈಯಲ್ಲಿ ಆಗಲಿಲ್ಲ, ಅದಕ್ಕೆ ನನ್ನ ಕೈ.

ಹೊಯ್ದೆ. ಬೆಳ್ಳಗಿದ್ದದ್ದು ನಡುವಿನಿಂದ ಕಂದಾಗುತ್ತಾ ಬಂತು. ಬಿಸಿಲಿಗೆ ಡೀಸೆಲ್ ಕಾದು ಅಕ್ಕಿಯ ವಾಸನೆಯನ್ನೂ ಮೇಲೆಬ್ಬಿಸಿತು, ಎರಡೂ ಕೂಡಿ ಬಂದವು. ಬೆಂದ ಅನ್ನದ ಹಾಗೇ ಇತ್ತು ಅದು. ಬೇಲಿಯ ಕಡೆ ಹೆಂಗಸರು ಪಾತ್ರೆ ಹಿಡಿದೇ ನಿಂತಿದ್ದರು. ಬೈದಿದ್ದರೆ, ಕಲ್ಲು ಹೊಡೆದಿದ್ದರೆ ನನಗೆ ಉಪಕಾರವಾಗುತ್ತಿತ್ತು. ಗಟ್ಲುವಾಕ್ ತಂತಿ ಹಿಡಿದು ನಿಂತಿದ್ದ. ದಾಟಿಸಲು ಅವನಿಗೆ ಮಾತೇ ಇರಲಿಲ್ಲ. ನಾಶಪತ್ರಕ್ಕೆ ನಾನು ಸಹಿ ಹಾಕುವಾಗ ಅಕ್ಷರ ಎಂದಿನಂತೆ ದುಂಡಗೆ ಬಂತು. ಅದನ್ನು ನೆನೆದರೆ ಈಗಲೂ ಉಗುಳುವ ಹಾಗಾಗುತ್ತದೆ.

ಮೂರನೆಯ ದಿನ ಬೇಲಿಯ ತಂತಿ ಒಂದು ಕಡೆ ತುಂಡಾಗಿತ್ತು, ಹೊಂಡದ ಮಣ್ಣು ಕೆದರಿತ್ತು. ಯಾರೂ ವರದಿ ಮಾಡಲಿಲ್ಲ. ನಾನು ಕಟ್ಟೆ ನೋಡಲು ಹೋದೆ. ನ್ಯಾಬೋಲ್ ಬಂದಳು, ಹಿಂದೆ ಮಗ. ಅವಳ ಕೈಯಲ್ಲಿ ಒಂದು ಬಟ್ಟಲು, ಅದರಲ್ಲಿ ಅನ್ನ. ನನ್ನ ಮುಂದೆ ಹಿಡಿದು ಹೇಳಿದಳು. ಗಟ್ಲುವಾಕ್ ನೆಲ ನೋಡುತ್ತಾ ದಾಟಿಸಿದ: "ನೀರಿನಿಂದ ಅಕ್ಕಿ ಕೆಡೋದಿಲ್ಲ ಅಂದೆಯಲ್ಲ. ಏಳು ನೀರಲ್ಲಿ ತೊಳೆದಿದ್ದೇನೆ. ತಿನ್ನು."

ಅವಳ ಮುಖದಲ್ಲಿ ಸಿಟ್ಟು ಕಾಣಲಿಲ್ಲ. ಪರೀಕ್ಷೆ ಮಾಡುತ್ತಿದ್ದಳೋ, ನಿಜಕ್ಕೂ ಕಟ್ಟೆ ಕಟ್ಟಿದವನಿಗೆ ಪಾಲು ತಂದಿದ್ದಳೋ, ನನಗೆ ತಿಳಿಯದು. ನಮ್ಮಲ್ಲಿ ಬಡಿಸಿದ ಅನ್ನಕ್ಕೆ ಬೆನ್ನು ಕೊಡಬಾರದು. ಬಟ್ಟಲು ತಗೊಂಡೆ. ಒಂದು ತುತ್ತು ಬಾಯಿಗಿಟ್ಟೆ. ಡೀಸೆಲ್ ನಾಲಿಗೆಯ ಬುಡಕ್ಕೆ ಇಳಿಯಿತು. ತಡೆಯಬೇಕೆಂದುಕೊಂಡೆ, ಆಗಲಿಲ್ಲ. ಅವಳ ಎದುರಿಗೇ, ಅವಳು ಹಿಮ್ಮಡಿಯಲ್ಲಿ ಮೆಟ್ಟಿ ಗಟ್ಟಿ ಮಾಡಿದ ಕಟ್ಟೆಯ ಮೇಲೇ ಉಗುಳಿಬಿಟ್ಟೆ.

ಅವಳು ಬಟ್ಟಲು ವಾಪಸು ತಗೊಂಡಳು. ನಿಂತಲ್ಲೇ ನಿಂತು ಉಳಿದದ್ದನ್ನು ತಿಂದಳು. ಅವಸರವಿಲ್ಲ. ಬಟ್ಟಲನ್ನು ಬೆರಳಿಂದ ಬಳಿದು ಬೆರಳು ನೆಕ್ಕಿದಳು. ಆಮೇಲೆ ಮಗನಿಗೆ ಒಂದು ಮಾತು ಹೇಳಿ ಹೊರಟುಹೋದಳು. ಏನೆಂದಳು ಎಂದು ಕೇಳಿದೆ. ಹೇಳುವುದಿಲ್ಲ ಎಂದ. ಮತ್ತೆ ಕೇಳಿದೆ.

"ಹಸಿವಿಲ್ಲದವನಿಗೆ ಬಡಿಸಿದ್ದು ತನ್ನ ತಪ್ಪು ಅಂದಳು."

ಆ ವಾರ ಡೇರೆ ಆಸ್ಪತ್ರೆಗೆ ಹೊಟ್ಟೆ ಹಿಡಿದುಕೊಂಡು ಬಂದವರು ಬಹಳ. ಕಾಲರಾವೋ ಡೀಸೆಲೋ ಎಂದು ಯಾರೂ ಬರೆದಿಡಲಿಲ್ಲ. ನಾನು ದಿನಾ ಹೋಗಿ ಚಾಪೆಯಿಂದ ಚಾಪೆಗೆ ನೋಡಿ ಬರುತ್ತಿದ್ದೆ. ನ್ಯಾಬೋಲ್ ಅವರಲ್ಲಿ ಇರಲಿಲ್ಲ. ದೂರದಿಂದ ಕಂಡೆ, ತಾವರೆ ಗೆಡ್ಡೆಗೆ ನೀರಿಗಿಳಿದಿದ್ದಳು. ಕಟ್ಟೆಗೆ ಮಾತ್ರ ಮತ್ತೆ ಬರಲಿಲ್ಲ. ಇಲಿ ಬಿಲಗಳನ್ನು ನಾನೇ ಮುಚ್ಚಿದೆ, ಬರಿಗಾಲಲ್ಲಿ, ನೀರಿಳಿಯುವವರೆಗೆ.

ಮರುವರ್ಷ ಊರಿಗೆ ಬಂದೆ, ಎದೆಯ ಮೇಲೆ ಒಂದು ಪದಕ ಹೆಚ್ಚಾಗಿತ್ತು. ಊರ ಶಾಲೆಯಲ್ಲಿ ಸನ್ಮಾನ ಇಟ್ಟುಕೊಂಡರು. ಶಾಲು, ಹಣ್ಣಿನ ಬುಟ್ಟಿ, ನನ್ನ ಮುಖದ ದೊಡ್ಡ ಬ್ಯಾನರು. ಭಾಷಣಕ್ಕೆ ಬಂದವನು ನನ್ನ ಹಳೆಯ ಬೆಂಚಿನವನೇ, ಈಗ ವಕೀಲ. ಮೂಗು ಹಿಡಿಯುತ್ತಿದ್ದವನು ಮೈಕು ಹಿಡಿದು, ಹಸಿದ ಆಫ್ರಿಕಕ್ಕೆ ಅನ್ನ ಇಕ್ಕಿದ ನಮ್ಮ ಗಜನಿಯ ಮಗ ಎಂದ. ಚಪ್ಪಾಳೆ ಬಿತ್ತು. ಅಪ್ಪ ಮುಂದಿನ ಸಾಲಿನಲ್ಲಿ ಅಂಗಿಯ ಗುಂಡಿ ಕೊರಳವರೆಗೆ ಹಾಕಿಕೊಂಡು ಕೂತಿದ್ದರು. ನಾನು ತಲೆ ತಗ್ಗಿಸಿದ್ದನ್ನು ವಿನಯ ಎಂದುಕೊಂಡರು ಜನ. ಬುಟ್ಟಿಯ ಹಣ್ಣು ಮನೆಗೆ ಬರುವಷ್ಟರಲ್ಲಿ ನೊಣ ಹತ್ತಿತ್ತು.

ಮರುದಿನ ಕಟ್ಟೆಯ ಮೇಲೆ ಅಪ್ಪ ಕೇಳಿದರು. "ಅಲ್ಲಿ ಎಂತ ಅಕ್ಕಿ ಇಕ್ಕಿದ್ಯ ಮಗಾ?"

ಹೇಳಲಾಗದೆ ಫೋನಿನಲ್ಲಿದ್ದ ನನ್ನ ಪತ್ರದ ಫೋಟೊ ತೆಗೆದು, ಒಂದೊಂದೇ ಸಾಲನ್ನು ಕನ್ನಡಕ್ಕೆ ತಿರುಗಿಸಿ ಓದಿದೆ. ಎರಡು ದಿನ ನೀರಿನಲ್ಲಿ ನಿಂತಿದೆ, ಆದರೂ ಗಟ್ಟಿಯಾಗಿದೆ ಎಂಬಲ್ಲಿ ಅಪ್ಪ ತಲೆದೂಗಿದರು.

"ಸಮಾ ಬರದೀಯಲ" ಎಂದರು. "ಇಷ್ಟ್ ಚೆಂದ ಬರದ್ಮೇಲೆ ಯಾರು ಇಲ್ಲ ಅಂತ್ರು? ಎಲ್ಲರ್ಗೂ ಸಿಕ್ತನ?"

ಇಲ್ಲ ಎಂದೆ. ಹೊಂಡ, ಡೀಸೆಲ್ ಎಲ್ಲ ಹೇಳಿದೆ. ಅಪ್ಪ ಕೈಯಲ್ಲಿದ್ದ ಹೆಂಟೆಯನ್ನು ಕೆಳಗಿಟ್ಟರು. ಹೊಳೆ ಕಡೆ ನೋಡಿದರು.

"ಹೊಯ್ದದ್ದು ಯಾರು?"

"ನಾನೇ."

ಅಪ್ಪ ಹೆಂಟೆ ಎತ್ತಿ ಬಿರುಕಿಗೆ ಒತ್ತಿ ತುಳಿದರು. ಅದು ಕೂತ ಮೇಲೂ ತುಳಿಯುತ್ತಲೇ ಇದ್ದರು.

ಆ ವರ್ಷದ ಹೊಸತಿನ ದಿನ ಅಪ್ಪನ ತೀರ್ಪು ಗೊತ್ತಾಯಿತು. ಹೊಸತು ಎಂದರೆ ಕಗ್ಗ ಮಾಗಿದ ಮೇಲೆ ಮನೆಯ ಹಿರಿಮಗ ಗದ್ದೆಗೆ ಹೋಗಿ ಮೊದಲ ತೆನೆಯ ಹಿಡಿ ಕೊಯ್ದು, ತಲೆಯ ಮೇಲೆ ಹೊತ್ತು ತಂದು ಬಾಗಿಲಿಗೆ ಕಟ್ಟುವುದು. ಅದರ ಕಾಳು ಬೆರೆಸಿ ಮಾಡಿದ ಅನ್ನವನ್ನು ಎಲ್ಲರೂ ಉಣ್ಣುವುದು. ನಾನು ರಜೆ ಸಿಗದೆ ದೂರವಿದ್ದ ವರ್ಷಗಳಲ್ಲಿ ನನ್ನ ಪಾಲಿನದನ್ನು ಅಪ್ಪನೇ ಮಾಡುತ್ತಿದ್ದರು, ಮಗ ಬಂದ ಮೇಲೆ ಅವನೇ ಎನ್ನುತ್ತಿದ್ದರಂತೆ. ನಾನು ಮಿಂದು ಪಂಚೆ ಉಟ್ಟು ಅಂಗಳದಲ್ಲಿ ನಿಂತಿದ್ದೆ. ಅಪ್ಪ ಕೊಯ್ಲಿನ ಕತ್ತಿ ತಂದು, ನನ್ನನ್ನು ದಾಟಿ, ಒಳಗಿದ್ದ ತಂಗಿಯನ್ನು ಕರೆದರು. "ತಂಗೀ, ನೀ ಹೋಗ್ ಬಾ." ತಂಗಿ ನನ್ನನ್ನು ನೋಡಿದಳು. ಹೋಗು ಎಂದೆ.

ಅದಾಗಿ ಐದನೆಯ ವರ್ಷ ಇದು. ನಡುವೆ ಸೈನ್ಯದಿಂದ ನಿವೃತ್ತಿಯಾಗಿ ಸರ್ಕಾರಿ ಕಚೇರಿಯಲ್ಲಿ ಕೆಲಸ ಸಿಕ್ಕಿತು. ಅಪ್ಪ ನನ್ನೊಡನೆ ಮಾತಾಡುತ್ತಾರೆ, ನನ್ನ ಬೈಕಿನ ಹಿಂದೆ ಕೂತು ಕುಮಟೆಯ ಸಂತೆಗೆ ಬರುತ್ತಾರೆ, ಮಗ ಬಿ.ಎ. ಎಂದು ಈಗಲೂ ಸಿಕ್ಕವರಿಗೆಲ್ಲ ಹೇಳುತ್ತಾರೆ. ಕತ್ತಿ ಮಾತ್ರ ಕೊಡುವುದಿಲ್ಲ.

ಬಂದರಿನಿಂದ ಬಂದ ಸಂಜೆ ಅಪ್ಪನಿಗೆ ಬಟ್ಟಲಿನ ವಿಷಯ ಹೇಳಿದೆ. ಇಷ್ಟು ವರ್ಷ ಅದೊಂದನ್ನು ಮುಚ್ಚಿಟ್ಟಿದ್ದೆ. ಅವರು ಜಗಲಿಯಲ್ಲಿ ಬಲೆಯ ತೂತು ಹೆಣೆಯುತ್ತಿದ್ದರು, ಕೈ ನಿಲ್ಲಿಸಲಿಲ್ಲ.

"ಆ ಹೆಂಗ್ಸು ಉಂಡ್ಳ ಅದ್ನ?"

"ಉಂಡ್ಳು. ಪೂರಾ."

"ನೀ ತುಪ್ದೆ."

"ಹೌದು."

ಬಲೆಯ ನೂಲನ್ನು ಹಲ್ಲಲ್ಲಿ ಕಡಿದು "ಆತು, ಹೋಗಿ ಉಣ್ಣು" ಎಂದರು. ಅಷ್ಟೇ.

ಹೊಸತಿಗೆ ಇನ್ನು ಒಂದು ವಾರ. ಹೊನ್ನಾವರಕ್ಕೆ ಮದುವೆಯಾಗಿ ಹೋದ ತಂಗಿ ಬರುತ್ತೇನೆಂದು ಫೋನು ಮಾಡಿದ್ದಾಳೆ. ಈ ಸಲವಾದರೂ ನೀನೇ ಕೊಯ್ಯಿ, ನಾನು ಅಪ್ಪನಿಗೆ ಹೇಳುತ್ತೇನೆ ಎಂದಳು. ಬೇಡ ಎಂದೆ. ಇವತ್ತು ಬೆಳಿಗ್ಗೆ ಅಟ್ಟದ ಮೇಲಿದ್ದ ಕತ್ತಿ ಇಳಿಸಿ, ತುಕ್ಕು ಉಜ್ಜಿ, ಬಾವಿಕಟ್ಟೆಯ ಕಲ್ಲಿಗೆ ನೀರು ಚಿಮುಕಿಸಿ ಮಸೆದಿಟ್ಟಿದ್ದೇನೆ. ಅವಳು ಬಂದಾಗ ಕತ್ತಿಯ ಹಿಡಿ ಅವಳ ಕಡೆ ಮಾಡಿ ಕೊಡಬೇಕು.